ಲೇಮ್ ಎಲ್ಲಿದೆ ಎಂದು ಕೇಳುತ್ತಿದ್ದ ಪೆಟ್ಟಿಗೆ

ಆಡಾಸಿಟಿ ಎಂಬ ಧ್ವನಿಮುದ್ರಣ ತಂತ್ರಾಂಶವನ್ನು 2019ಕ್ಕಿಂತ ಹಿಂದೆ ಬಳಸಿದವರಿಗೆ ಒಂದು ಪುಟ್ಟ ಪೆಟ್ಟಿಗೆಯ ನೆನಪಿರುತ್ತದೆ. ಅರ್ಧ ದಿನ ಕೂತು ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿ, ಟೇಪಿನ ಸುಯ್ಯೆನ್ನುವ ಸದ್ದು ತಗ್ಗಿಸಿ, ಹಿಂದುಮುಂದಿನ ಕೆಮ್ಮು ಕತ್ತರಿಸಿ, ಇನ್ನೇನು ಎಂಪಿ3 ಮಾಡಿ ಸಿಡಿಗೆ ಹಾಕಿದರೆ ಮುಗಿಯಿತು ಎನ್ನುವಾಗ ಅದು ಪರದೆಯ ನಡುವೆ ಎದ್ದು ನಿಲ್ಲುತ್ತಿತ್ತು. ಎಂಪಿ3 ಮಾಡಲು 'ಲೇಮ್' ಎಂಬ ಹೆಸರಿನ ಒಂದು ಡಿಎಲ್‌ಎಲ್ ಫೈಲು ಬೇಕು, ಅದು ನಿಮ್ಮ ಕಂಪ್ಯೂಟರಿನಲ್ಲಿ ಎಲ್ಲಿದೆ ತೋರಿಸಿ. ಇಲ್ಲದಿದ್ದರೆ ಇಲ್ಲಿ ಒತ್ತಿ ಇಳಿಸಿಕೊಳ್ಳಿ. ಒತ್ತಿದರೆ ತೆರೆದುಕೊಳ್ಳುತ್ತಿದ್ದುದು ಆಡಾಸಿಟಿಯ ತಾಣವಲ್ಲ, ಬೇರೆ ಯಾರದೋ ಪುಟ. ಅಲ್ಲಿಂದ ಫೈಲು ತಂದು, ಪ್ರೋಗ್ರಾಂ ಫೈಲ್ಸ್‌ನೊಳಗೆ ಅದಕ್ಕೊಂದು ಫೋಲ್ಡರು ಮಾಡಿ ಇಟ್ಟು, ಆಡಾಸಿಟಿಯ ಪ್ರಿಫರೆನ್ಸಸ್‌ಗೆ ಹೋಗಿ ಲೈಬ್ರರೀಸ್ ಎಂಬಲ್ಲಿ 'ಲೊಕೇಟ್' ಗುಂಡಿ ಒತ್ತಿ ಬೆರಳು ಮಾಡಿ ತೋರಿಸಬೇಕು. ಒಮ್ಮೆ ತೋರಿಸಿದರೆ ಸಾಕು, ಮತ್ತೆ ಕೇಳುತ್ತಿರಲಿಲ್ಲ.

"ಏನಪ್ಪಾ ಇದು, ಬಿಟ್ಟಿ ಅಂತೀಯ, ಮತ್ತೆ ಪಕ್ಕದ ಮನೆಗೆ ಹೋಗಿ ಇಸ್ಕೊಂಡು ಬಾ ಅನ್ನುತ್ತಲ್ಲ?" ಎಂದು ಕೇಳಿದವರು ದೆಹಲಿಯ ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸ್‌ನಲ್ಲಿದ್ದ ರಾಯರೊಬ್ಬರು. ಅವರ ಮಾತಿನಲ್ಲಿ ನ್ಯಾಯವಿತ್ತು. ಆಡಾಸಿಟಿಗೂ ದುಡ್ಡಿಲ್ಲ, ಲೇಮ್‌ಗೂ ದುಡ್ಡಿಲ್ಲ. ಹಾಗಿದ್ದ ಮೇಲೆ ಎರಡನ್ನೂ ಒಂದೇ ಚೀಲಕ್ಕೆ ಹಾಕಿ ಕೊಟ್ಟುಬಿಡಬಹುದಿತ್ತಲ್ಲ?

ಕೊಡದೆ ಇದ್ದುದಕ್ಕೆ ಇಪ್ಪತ್ತು ವರ್ಷದ ಕಥೆಯಿದೆ. ಆ ಕಥೆಗೂ ಆರ್.ಕೆ.ಪುರಂನಂಥ ಬಡಾವಣೆಯ ಕನ್ನಡದ ದನಿಗಳಿಗೂ ಇರುವ ನಂಟು ಮೇಲ್ನೋಟಕ್ಕೆ ಕಾಣುವುದಿಲ್ಲ.

ಆರ್.ಕೆ.ಪುರಂ ಎಂದರೆ ಸೆಕ್ಟರುಗಳಾಗಿ ಹಂಚಿಹೋದ ಸರ್ಕಾರಿ ನೌಕರರ ಊರು. ದಕ್ಷಿಣದಿಂದ ಬಂದ ಕುಟುಂಬಗಳು ಇಲ್ಲಿ ತಲೆಮಾರುಗಳಿಂದ ಇವೆ. ಏಳನೇ ಸೆಕ್ಟರಿನ ಗುಡ್ಡದ ಮೇಲೆ ತಮಿಳರ ಮಲೈ ಮಂದಿರ, ಹನ್ನೆರಡನೇ ಸೆಕ್ಟರಿನಲ್ಲಿ ರಾವ್ ತುಲಾರಾಮ್ ಮಾರ್ಗದ ಮೇಲೆ ದೆಹಲಿ ಕರ್ನಾಟಕ ಸಂಘ. ಸರ್ಕಾರಿ ಮನೆಯ ಒಂದು ಗುಣವೆಂದರೆ ಅದು ಎಂದೂ ನಿಮ್ಮದಾಗುವುದಿಲ್ಲ. ನಿವೃತ್ತಿಯಾಗಿ ಕೆಲವು ತಿಂಗಳಲ್ಲಿ ಬಿಡಬೇಕು. ಆಗ ಅಟ್ಟದ ಮೇಲಿನ ಪೆಟ್ಟಿಗೆಗಳು ಕೆಳಗಿಳಿಯುತ್ತವೆ. ಕಬ್ಬಿಣ, ಪತ್ರಿಕೆ, ಹಳೆಯ ಕೂಲರು ಕಬಾಡಿಯವನಿಗೆ. ಪಾತ್ರೆ ಪಡಗ ಮೈಸೂರಿಗೋ ಧಾರವಾಡಕ್ಕೋ ಹೋಗುವ ಲಾರಿಗೆ. ನಡುವೆ ಉಳಿಯುತ್ತಿದ್ದುದು ಕ್ಯಾಸೆಟ್ಟುಗಳ ಡಬ್ಬ. ಮಗಳ ಮೊದಲ ಕಛೇರಿ, ಊರಿಂದ ಬಂದ ಅಜ್ಜಿ ಹೇಳಿದ ಹಾಡು, ಗಣೇಶನ ಹಬ್ಬಕ್ಕೆ ಬಂದ ಯಾರದೋ ಗಮಕ, ರೇಡಿಯೊ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಹಿಡಿದ ಭಾಷಣ. ಆಕಾಶವಾಣಿಯ ಕನ್ನಡ ವಾರ್ತೆ ದಶಕಗಳ ಕಾಲ ದೆಹಲಿಯಿಂದಲೇ ಕರ್ನಾಟಕಕ್ಕೆ ಹೋಗುತ್ತಿತ್ತು. ಅದು ಇಲ್ಲಿನ ಕನ್ನಡದ ಅಧಿಕೃತ ದನಿ. ಡಬ್ಬದಲ್ಲಿ ಇರುತ್ತಿದ್ದುದು ಮನೆಯ ದನಿ, ಯಾವ ಕಚೇರಿಯ ದಾಖಲೆಯಲ್ಲೂ ಇಲ್ಲದ್ದು.

ಈ ಡಬ್ಬಗಳು ಫೈಲುಗಳಾದದ್ದು ಹೆಚ್ಚುಕಡಿಮೆ 2000ದಿಂದ 2015ರ ನಡುವಿನ ಹದಿನೈದು ವರ್ಷಗಳಲ್ಲಿ. ಸರಿಯಾಗಿ ಆ ಪೆಟ್ಟಿಗೆ ಎದ್ದು ನಿಲ್ಲುತ್ತಿದ್ದ ಕಾಲ ಅದು.

ಕಥೆಯ ಒಂದು ತುದಿ ಬೆಂಗಳೂರಿನಲ್ಲಿದೆ ಎಂದರೆ ಅತಿಶಯವಲ್ಲ. ಧ್ವನಿಯನ್ನು ಕಡಿಮೆ ಅಂಕಿಗಳಲ್ಲಿ ಹಿಡಿಯುವುದು ಹೇಗೆ ಎಂಬ ಪ್ರಶ್ನೆಗೆ ಅಮೆರಿಕದ ಬೆಲ್ ಲ್ಯಾಬ್ಸ್ ದಶಕಗಳ ಕಾಲ ತಲೆ ಕೊಟ್ಟಿತ್ತು. ಒಂದು ತಂತಿಯಲ್ಲಿ ಹೆಚ್ಚು ಕರೆ ಹಾಯಿಸಿದಷ್ಟೂ ಟೆಲಿಫೋನ್ ಕಂಪನಿಗೆ ಲಾಭ. ಅಲ್ಲಿಗೆ 1961ರಲ್ಲಿ ಹೋದ ಬಿಷ್ಣು ಅಟಲ್ ಅದಕ್ಕೆ ಮುಂಚೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಊರಿನವರು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವಲ್ಲಿ, ಧ್ವನಿಶಾಸ್ತ್ರದ ಪಾಠ ಮಾಡುತ್ತಿದ್ದವರು. ಅದೇ ಸಂಸ್ಥೆಯಲ್ಲಿ ಓದಿ 1968ರಲ್ಲಿ ಬೆಲ್ ಲ್ಯಾಬ್ಸ್ ಸೇರಿದ ಇನ್ನೊಬ್ಬರು ಎನ್.ಎಸ್. ಜಯಂತ್. ಆ 'ಎನ್' ನುಗ್ಗೇಹಳ್ಳಿ ಎಂದು ತಿಳಿದಾಗ ನನಗಾದ ಸಂತೋಷಕ್ಕೆ ತಾಂತ್ರಿಕ ಕಾರಣವೇನೂ ಇಲ್ಲ. ಜಯಂತ್ ಮತ್ತು ಬರ್ಲಿನ್ನಿನ ಪೀಟರ್ ನಾಲ್ 1984ರಲ್ಲಿ ಬರೆದ 'ಡಿಜಿಟಲ್ ಕೋಡಿಂಗ್ ಆಫ್ ವೇವ್‌ಫಾರ್ಮ್ಸ್' ಈ ವಿದ್ಯೆಯನ್ನು ಕಲಿಯುವವರ ಪಠ್ಯಪುಸ್ತಕವಾಯಿತು.

1979ರಲ್ಲಿ ಅಟಲ್, ಶ್ರೋಡರ್ ಮತ್ತು ಹಾಲ್ ಒಂದು ಪ್ರಬಂಧದಲ್ಲಿ ಮುಂದಿಟ್ಟ ವಿಚಾರ ನಮಗೆ ಅನುಭವದಿಂದ ಗೊತ್ತಿರುವಂಥದೇ. ಗುಡಿಯಲ್ಲಿ ನಗಾರಿ ಬಾರಿಸುವಾಗ ಪಕ್ಕದವರ ಪಿಸುಮಾತು ಕೇಳುವುದಿಲ್ಲ. ಮಾತು ಇದೆ, ಗಾಳಿಯಲ್ಲಿ ಅದರ ಅಲೆಯೂ ಇದೆ. ಕಿವಿ ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಹಾಗಾದರೆ ಧ್ವನಿಯನ್ನು ಅಂಕಿಗೆ ಇಳಿಸುವಾಗ ಆಗುವ ತಪ್ಪನ್ನು, ಆ ಗೊರಗೊರವನ್ನು, ನಗಾರಿಯ ಮರೆಯಲ್ಲಿ ಅಡಗಿಸಿಟ್ಟರೆ? ತಪ್ಪು ಇರುತ್ತದೆ, ಯಾರಿಗೂ ಕೇಳುವುದಿಲ್ಲ. ಎಂಪಿ3 ಎಂಬುದರ ಹೊಟ್ಟೆಯಲ್ಲಿರುವ ಗುಟ್ಟು ಇಷ್ಟೇ.

ಸಂಗೀತಕ್ಕೆ ಇದನ್ನು ಹೊಂದಿಸಿದ್ದು ಜರ್ಮನಿಯ ಎರ್ಲಾಂಗೆನ್. ಅಲ್ಲಿನ ಪ್ರಾಧ್ಯಾಪಕ ಡೀಟರ್ ಸೀಟ್ಸರ್‌ಗೆ ಟೆಲಿಫೋನ್ ತಂತಿಯ ಮೇಲೆ ಸಂಗೀತ ಕಳಿಸುವ ಹಂಬಲ. ಆಗದ ಮಾತು ಎಂದು ಪೇಟೆಂಟ್ ಪರೀಕ್ಷಕರು ತಳ್ಳಿಹಾಕಿದಾಗ ಅವರು ಅದನ್ನು ತಮ್ಮ ಶಿಷ್ಯ ಕಾರ್ಲ್‌ಹೈನ್ಸ್ ಬ್ರಾಂಡೆನ್‌ಬುರ್ಗ್‌ಗೆ ಸಂಶೋಧನೆಗೆ ಕೊಟ್ಟರು. ಆ ಶಿಷ್ಯ 1989ರಲ್ಲಿ ಬೆಲ್ ಲ್ಯಾಬ್ಸ್‌ಗೆ ಹೋಗಿ ಅಲ್ಲಿನ ಜೇಮ್ಸ್ ಜಾನ್‌ಸ್ಟನ್ ಜೊತೆ ಕೆಲಸ ಮಾಡಿದರು. ಸುಝಾನ್ ವೇಗಾ ವಾದ್ಯವೇ ಇಲ್ಲದೆ ಹಾಡಿದ 'ಟಾಮ್ಸ್ ಡೈನರ್' ಅವರ ಪರೀಕ್ಷೆಯ ಹಾಡು. ಒಂಟಿ ಹೆಣ್ಣುದನಿಯಲ್ಲಿ ತಪ್ಪು ಅಡಗಿಸಲು ಜಾಗವೇ ಇರುವುದಿಲ್ಲ. ಅಟ್ಟದ ಡಬ್ಬದಲ್ಲಿರುವ ಅಜ್ಜಿಯ ಹಾಡೂ ಒಂಟಿ ಹೆಣ್ಣುದನಿಯೇ ಎಂಬುದನ್ನು ಇಲ್ಲಿ ನೆನಪಿಟ್ಟುಕೊಳ್ಳಬೇಕು. 1992ರಲ್ಲಿ ಎಂಪೆಗ್ ಸಮಿತಿ ಇದನ್ನು ತನ್ನ ಮೂರು ಪದರಗಳಲ್ಲಿ ಮೂರನೆಯದೆಂದು ಒಪ್ಪಿತು. ಫೈಲಿನ ಬಾಲಕ್ಕೆ 'ಎಂಪಿ3' ಎಂದು ಹೆಸರಿಟ್ಟದ್ದು 1995ರ ಜುಲೈ 14ರಂದು, ಎರ್ಲಾಂಗೆನ್‌ನ ಫ್ರೌನ್‌ಹೋಫರ್ ಸಂಸ್ಥೆಯೊಳಗೆ ಮತ ಹಾಕಿ.

ಲಾಭ ಎಷ್ಟು ಎಂಬುದಕ್ಕೆ ಒಂದು ಲೆಕ್ಕ. ಸಿಡಿಯ ಧ್ವನಿಗೆ ಕ್ಷಣಕ್ಕೆ 14 ಲಕ್ಷಕ್ಕೂ ಹೆಚ್ಚು ಬಿಟ್ ಬೇಕು. ಒಂದು ಗಂಟೆಗೆ 635 ಎಂಬಿ. 128 ಕೆಬಿಪಿಎಸ್‌ನ ಎಂಪಿ3ಗೆ ಅದೇ ಗಂಟೆಗೆ 58 ಎಂಬಿ ಸಾಕು. ಒಂದೇ ಸಿಡಿಯಲ್ಲಿ ಹನ್ನೆರಡು ಗಂಟೆ, ಅಂದರೆ ಎಂಟು 90 ನಿಮಿಷದ ಕ್ಯಾಸೆಟ್. ದೆಹಲಿಯಲ್ಲಿ ವಿಎಸ್ಎನ್ಎಲ್ ಇಂಟರ್ನೆಟ್ 1995ರ ಆಗಸ್ಟ್ 15ರಂದು ಬಂತು. ಆಮೇಲಿನ ಡಯಲ್-ಅಪ್ ದಿನಗಳಲ್ಲಿ ನಾಲ್ಕು ನಿಮಿಷದ ಹಾಡಿನ ಎಂಪಿ3ಯನ್ನು ತರಿಸಿಕೊಳ್ಳಲು ಹತ್ತಿಪ್ಪತ್ತು ನಿಮಿಷ ಫೋನು ಎತ್ತದೆ ಕೂತರೆ ಸಾಕಿತ್ತು. ಸಿಡಿ ಗುಣಮಟ್ಟದ ಫೈಲಿಗಾದರೆ ಮನೆಯವರೆಲ್ಲ ಅರ್ಧ ದಿನ ಫೋನು ಮರೆಯಬೇಕಿತ್ತು.

ಈಗ ಪೇಟೆಂಟಿನ ವಿಷಯ. ಎಂಪೆಗ್‌ನ ಮಾನಕ ದುಡ್ಡು ಕೊಟ್ಟು ಯಾರಾದರೂ ಕೊಂಡು ಓದಬಹುದಾದ ದಾಖಲೆ. ಹೀಗೆ ಮಾಡಬಹುದು ಎಂದು ತೋರಿಸುವ ಮಾದರಿ ಕೋಡೂ ಸಿಗುತ್ತಿತ್ತು. ಆದರೆ ಅದರಲ್ಲಿ ಬಳಸಿದ ವಿಧಾನಗಳ ಮೇಲೆ ಫ್ರೌನ್‌ಹೋಫರ್, ಥಾಮ್ಸನ್, ಬೆಲ್ ಲ್ಯಾಬ್ಸ್ ಮುಂತಾದವರ ಪೇಟೆಂಟುಗಳಿದ್ದವು. ಓದಬಹುದು, ಮಾಡಿ ಹಂಚುವಂತಿಲ್ಲ. ಫ್ರೌನ್‌ಹೋಫರ್‌ನವರು 1994ರಲ್ಲಿ ತಮ್ಮದೇ ಎನ್‌ಕೋಡರನ್ನು ಮಾರಾಟಕ್ಕೆ ಇಟ್ಟಿದ್ದರು. ಆಸ್ಟ್ರೇಲಿಯಾದ ವಿದ್ಯಾರ್ಥಿಯೊಬ್ಬ ಕದ್ದ ಕ್ರೆಡಿಟ್ ಕಾರ್ಡಿನಿಂದ ಅದನ್ನು ಕೊಂಡು, ಬಿಚ್ಚಿ ನೋಡಿ, ಎಲ್ಲರಿಗೂ ಹಂಚಿಬಿಟ್ಟ ಎಂದು ಬ್ರಾಂಡೆನ್‌ಬುರ್ಗ್ ಮುಂದೊಮ್ಮೆ ಹೇಳಿಕೊಂಡಿದ್ದಾರೆ. 1998ರ ಸೆಪ್ಟೆಂಬರಿನಲ್ಲಿ ಫ್ರೌನ್‌ಹೋಫರ್, ಮಾದರಿ ಕೋಡನ್ನು ತಿದ್ದಿ ಬಿಟ್ಟಿ ಎನ್‌ಕೋಡರ್ ಮಾಡುತ್ತಿದ್ದ ಸಣ್ಣಪುಟ್ಟ ತಂಡಗಳಿಗೆಲ್ಲ ಪತ್ರ ಬರೆಯಿತು: ಲೈಸೆನ್ಸು ತೆಗೆದುಕೊಳ್ಳಿ, ಇಲ್ಲವೇ ನಿಲ್ಲಿಸಿ. ಅವರ ದರಪಟ್ಟಿಯಲ್ಲಿ ಎನ್‌ಕೋಡರಿನ ಒಂದೊಂದು ಪ್ರತಿಗೆ ಎರಡೂವರೆಯಿಂದ ಐದು ಡಾಲರ್, ವರ್ಷಕ್ಕೆ ಕನಿಷ್ಠ 15,000 ಡಾಲರ್. ಬಿಡುವಿನ ವೇಳೆಯಲ್ಲಿ ಕೋಡ್ ಬರೆಯುವ ಹುಡುಗರು ಅದನ್ನು ಎಲ್ಲಿಂದ ತರಬೇಕು? ಬಹಳ ಮಂದಿ ಅಂಗಡಿ ಮುಚ್ಚಿದರು.

ಮೈಕ್ ಚೆಂಗ್ ಮುಚ್ಚಲಿಲ್ಲ. ಅದೇ ವರ್ಷ ಅವರು ಹಂಚತೊಡಗಿದ್ದು ಎನ್‌ಕೋಡರನ್ನಲ್ಲ, ಬರೀ ತೇಪೆಯನ್ನು. ಮಾದರಿ ಕೋಡಿನ ಈ ಸಾಲು ತೆಗೆದು ಈ ಸಾಲು ಹಾಕಿ ಎಂಬ ತಿದ್ದುಪಟ್ಟಿ. ತೇಪೆ ಮಾರಿದವನು ಅಂಗಿ ಮಾರಿದ ಹಾಗಾಗುವುದಿಲ್ಲವಲ್ಲ. ಅಂಗಿ ನೀವೇ ತಂದುಕೊಳ್ಳಿ, ನೀವೇ ಹೊಲಿದುಕೊಳ್ಳಿ. ಹೆಸರಿನಲ್ಲೇ ಆ ನಿಲುವು ಇತ್ತು. ಇಂಗ್ಲಿಷಿನ 'ಲೇಮ್' ಎಂದರೆ ಕುಂಟು. ಅಕ್ಷರ ಬಿಡಿಸಿದರೆ 'ಲೇಮ್ ಎಂಪಿ3 ಎನ್‌ಕೋಡರ್ ಅಲ್ಲ' ಎಂಬ ವಾಕ್ಯ. ತಮಾಷೆಯಂತೆ ಕಂಡರೂ ಆ ದಿನಗಳಲ್ಲಿ ಅದು ಅಕ್ಷರಶಃ ನಿಜವಾದ ಹೇಳಿಕೆಯಾಗಿತ್ತು.

1999ರಲ್ಲಿ ಮಾರ್ಕ್ ಟೇಲರ್ ಕೈಗೆ ಯೋಜನೆ ಬಂದ ಮೇಲೆ ಕುಂಟು ಓಡತೊಡಗಿತು. ಕಿವಿಗೆ ಯಾವುದು ಕೇಳುತ್ತದೆ, ಯಾವುದು ಕೇಳುವುದಿಲ್ಲ ಎಂದು ಲೆಕ್ಕ ಹಾಕುವ ಭಾಗವನ್ನು ಅವರು ಹೊಸದಾಗಿ ಬರೆದರು. ಮಾನಕ ಹೇಳುವುದು ಫೈಲು ಹೇಗಿರಬೇಕು ಎಂಬುದನ್ನು ಮಾತ್ರ. ಯಾವುದನ್ನು ಬಿಡಬೇಕು, ಯಾವುದನ್ನು ಉಳಿಸಬೇಕು ಎಂಬ ವಿವೇಕ ಎನ್‌ಕೋಡರಿನದು. ಅಡುಗೆಪುಸ್ತಕ ಒಂದೇ, ಕೈರುಚಿ ಬೇರೆ. ಮಾದರಿ ಕೋಡಿನ ಕೈರುಚಿ ಸಾಧಾರಣ. ಲೇಮ್ ತಂಡದವರು ಹೊಸ ಆವೃತ್ತಿ ಬಿಟ್ಟಾಗಲೆಲ್ಲ ಜಗತ್ತಿನ ಮೂಲೆಮೂಲೆಯ ಸಂಗೀತಪ್ರಿಯರು ಕಿವಿಗೆ ಹೆಡ್‌ಫೋನು ಹಾಕಿ ತಪ್ಪು ಹುಡುಕಿದರು. 2000ದ ಮೇ ತಿಂಗಳಿಗೆ ಹಳೆಯ ಮಾದರಿ ಕೋಡಿನ ಕೊನೆಯ ಸಾಲೂ ಹೋಯಿತು. ತೇಪೆ ಹಾಕಿ ಹಾಕಿ ಅಂಗಿಯೇ ಹೊಸದಾಗಿತ್ತು. 'ಎನ್‌ಕೋಡರ್ ಅಲ್ಲ' ಎಂಬ ಹೆಸರು ಸುಳ್ಳಾಯಿತು.

ಕೋಡು ತಮ್ಮದಾದರೂ ಪೇಟೆಂಟ್ ಬೇರೆಯವರದೇ. ಅದಕ್ಕೆ ಲೇಮ್‌ನವರು ಇನ್ನೊಂದು ದಾರಿ ಹಿಡಿದರು. ಅವರು ಹಂಚಿದ್ದು ಸೋರ್ಸ್ ಕೋಡ್ ಮಾತ್ರ, ಓಡುವ ಪ್ರೋಗ್ರಾಮ್ ಅಲ್ಲ. ಸೋರ್ಸ್ ಕೋಡ್ ಎಂದರೆ ವಿಧಾನದ ವಿವರಣೆ, ಪುಸ್ತಕದ ಹಾಗೆ, ಕಲಿಯುವವರಿಗಾಗಿ. ಅದನ್ನು ಯಂತ್ರಕ್ಕೆ ಅರ್ಥವಾಗುವ ಡಿಎಲ್‌ಎಲ್ ಮಾಡಿ ಇಡುತ್ತಿದ್ದವರು ಬೇರೆ ಬೇರೆ ದೇಶಗಳ ಮೂರನೆಯ ವ್ಯಕ್ತಿಗಳು. ಆಡಾಸಿಟಿ ಬಳಸುವವರು ಬಹುಕಾಲ ಹೋಗುತ್ತಿದ್ದ ತಾಣವನ್ನು ನಡೆಸುತ್ತಿದ್ದವರು ಅರ್ಜೆಂಟೀನಾದ ಪ್ರೋಗ್ರಾಮರ್ ಒಬ್ಬರು. ರಾಯರ ಕ್ಯಾಸೆಟ್ಟಿನ ದಾರಿ ಎರ್ಲಾಂಗೆನ್, ನ್ಯೂಜೆರ್ಸಿ, ಬ್ಯೂನಸ್ ಐರಿಸ್ ಸುತ್ತಿಕೊಂಡು ಆರ್.ಕೆ.ಪುರಂಗೆ ಬರುತ್ತಿತ್ತು.

ಆಡಾಸಿಟಿಯ ಕಷ್ಟ ಇನ್ನೂ ಬಿಗಿ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಡಾಮಿನಿಕ್ ಮಝೋನಿ ಮತ್ತು ರೋಜರ್ ಡ್ಯಾನೆನ್‌ಬರ್ಗ್ 1999ರಲ್ಲಿ ಶುರುಮಾಡಿ, 2000ದ ಮೇ ತಿಂಗಳಲ್ಲಿ ಲೋಕಕ್ಕೆ ಬಿಟ್ಟ ತಂತ್ರಾಂಶ ಅದು. ಪೇಟೆಂಟ್ ಬಲವಾಗಿದ್ದ ನೆಲದ್ದೇ. ಯಾರಾದರೂ ಧಣಿ ಬಂದು 15,000 ಡಾಲರ್ ಕಟ್ಟುತ್ತೇನೆ ಎಂದಿದ್ದರೂ ಸುಲಭವಿರಲಿಲ್ಲ. ಆಡಾಸಿಟಿ ಜಿಪಿಎಲ್ ಎಂಬ ಪರವಾನಗಿಯ ಮೇಲೆ ನಿಂತಿದೆ. ನಿಮ್ಮಿಂದ ಪ್ರತಿ ಪಡೆದವರು ಮತ್ತೊಬ್ಬರಿಗೆ ರಾಯಧನ ಕೊಡದೆ ಹಂಚಲಾಗದಂಥ ಪೇಟೆಂಟ್ ಕಟ್ಟಿಗೆ ಒಳಗಾಗಿದ್ದರೆ ನೀವು ಹಂಚಲೇಬೇಡಿ ಎನ್ನುತ್ತದೆ ಅದರ ಏಳನೆಯ ಕಲಮು. ಹಾಗಾಗಿ ಎರಡು ಬಿಟ್ಟಿ ವಸ್ತುಗಳು ಒಂದೇ ಚೀಲದಲ್ಲಿ ಇರುವಂತಿರಲಿಲ್ಲ. ಆ ಪೆಟ್ಟಿಗೆ ಇದ್ದದ್ದು ಅದಕ್ಕೆ. ಪ್ರೋಗ್ರಾಮರುಗಳ ಸೋಮಾರಿತನವೆಂದು ಬೈಸಿಕೊಂಡ ಅದು ಒಬ್ಬ ವಕೀಲನ ಕೆಲಸ ಮಾಡುತ್ತಿತ್ತು.

ಭಾರತದ ಕಾನೂನು ಏನನ್ನುತ್ತಿತ್ತು? ಆರ್.ಕೆ.ಪುರಂನಿಂದ ಒಂದು ಬಸ್ಸಿನ ದೂರದಲ್ಲಿರುವ ಸಂಸತ್ತಿನಲ್ಲಿ ಇದೇ ಪ್ರಶ್ನೆ ಅದೇ ವರ್ಷಗಳಲ್ಲಿ ಬಂದುಹೋಯಿತು. 1970ರ ಪೇಟೆಂಟ್ ಕಾಯಿದೆಗೆ 2002ರಲ್ಲಿ ಮಾಡಿದ ತಿದ್ದುಪಡಿಯ ಕಲಂ 3(ಕೆ) ಪ್ರಕಾರ ಗಣಿತದ ವಿಧಾನ, ವ್ಯಾಪಾರದ ವಿಧಾನ, ಆಲ್ಗರಿದಮ್ ಮತ್ತು ತನ್ನಷ್ಟಕ್ಕೆ ತಾನಾದ ಕಂಪ್ಯೂಟರ್ ಪ್ರೋಗ್ರಾಮು ಪೇಟೆಂಟಿಗೆ ಅರ್ಹವಲ್ಲ. 2004ರ ಡಿಸೆಂಬರ್ ಕೊನೆಯ ವಾರ ಬಂದ ಸುಗ್ರೀವಾಜ್ಞೆ ಇದನ್ನು ಸಡಿಲಿಸಿತು: ಉದ್ಯಮದಲ್ಲಿ ತಾಂತ್ರಿಕ ಬಳಕೆ ಇದ್ದರೆ, ಹಾರ್ಡ್‌ವೇರ್ ಜೊತೆ ಸೇರಿದ್ದರೆ ಪ್ರೋಗ್ರಾಮಿಗೂ ಪೇಟೆಂಟ್ ಕೊಡಬಹುದು. ಎಡಪಕ್ಷಗಳು ಮತ್ತು ಮುಕ್ತ ತಂತ್ರಾಂಶದ ಬಳಗಗಳು ವಿರೋಧಿಸಿದವು. 2005ರ ಮಾರ್ಚಿನಲ್ಲಿ ಕಾಯಿದೆ ಪಾಸಾಗುವಾಗ ಆ ಸಡಿಲಿಕೆ ಬಿದ್ದುಹೋಗಿ ಹಳೆಯ 3(ಕೆ) ಉಳಿಯಿತು. ಔಷಧಿಯ ಪೇಟೆಂಟಿನ ದೊಡ್ಡ ಗಲಾಟೆಯಲ್ಲಿ ಈ ಸಣ್ಣ ಗೆಲುವು ಹೆಚ್ಚಿನವರ ಗಮನಕ್ಕೇ ಬರಲಿಲ್ಲ. ಆದರೂ ಆಡಾಸಿಟಿ ಬರುತ್ತಿದ್ದುದು ಅಮೆರಿಕದಿಂದ. ಅಲ್ಲಿನ ಗೋಡೆಯ ನೆರಳು ಇಲ್ಲಿನ ಪರದೆಯ ಮೇಲೂ ಬೀಳುತ್ತಿತ್ತು. ಆ ಗೋಡೆ ಎಷ್ಟು ಎತ್ತರ ಎಂಬುದು 2007ರಲ್ಲಿ ಗೊತ್ತಾಯಿತು. ಬೆಲ್ ಲ್ಯಾಬ್ಸ್‌ನ ಎಂಪಿ3 ಪೇಟೆಂಟುಗಳ ವಾರಸುದಾರ ಅಲ್ಕಾಟೆಲ್-ಲೂಸೆಂಟ್‌ಗೆ ಮೈಕ್ರೋಸಾಫ್ಟ್ 152 ಕೋಟಿ ಡಾಲರ್ ಕೊಡಬೇಕೆಂದು ಸ್ಯಾನ್ ಡಿಯಾಗೋದ ಜ್ಯೂರಿ ಹೇಳಿತು. ಫ್ರೌನ್‌ಹೋಫರ್‌ಗೆ ಆಗಲೇ ಲೈಸೆನ್ಸು ಶುಲ್ಕ ಕಟ್ಟಿದ್ದ ಕಂಪನಿಗೇ ಈ ಗತಿ. ಕೆಲವು ತಿಂಗಳ ಮೇಲೆ ನ್ಯಾಯಾಧೀಶರು ಅದನ್ನು ತಳ್ಳಿಹಾಕಿದರೆನ್ನಿ.

ಪೇಟೆಂಟುಗಳಿಗೂ ನಿವೃತ್ತಿ ಇದೆ. 2017ರ ಏಪ್ರಿಲ್‌ನಲ್ಲಿ ಅಮೆರಿಕದ ಕೊನೆಯ ಮುಖ್ಯ ಪೇಟೆಂಟುಗಳು ಮುಗಿದು, 23ರಂದು ಲೈಸೆನ್ಸು ಯೋಜನೆ ನಿಂತಿತು. ಎಂಪಿ3 ಸತ್ತಿತು ಎಂದು ಆಗ ಕೆಲವು ಪತ್ರಿಕೆಗಳು ಬರೆದದ್ದು ವಿಚಿತ್ರ. ಸತ್ತದ್ದು ಅದರ ಬಾಡಿಗೆ. 2019ರ ಮೇ ತಿಂಗಳ ಆಡಾಸಿಟಿ 2.3.2ರಿಂದ ಲೇಮ್ ಒಳಗೇ ಬಂತು, ಪೆಟ್ಟಿಗೆ ಮರೆಯಾಯಿತು.

ಅಷ್ಟು ಹೊತ್ತಿಗೆ ಆರ್.ಕೆ.ಪುರಂನ ಡಬ್ಬಗಳಲ್ಲಿ ಹೆಚ್ಚಿನವು ಕಬಾಡಿಗೆ ಹೋಗಿಯಾಗಿತ್ತು. ನನ್ನನ್ನು ಕಾಡುವುದು ಇದು. ಲೇಮ್ ಹುಡುಕಿ ತರುವುದೇ ಒಂದು ಸಾಹಸವಾಗಿದ್ದ ಕಾಲದಲ್ಲಿ, ಅದು ಸಿಕ್ಕಿ ಎಂಪಿ3 ಆಯಿತೆಂದರೆ ಕೆಲಸ ಮುಗಿಯಿತು ಎಂಬ ಭಾವನೆ ಎಲ್ಲರಲ್ಲೂ ಕೂತುಬಿಟ್ಟಿತು. ಆಡಾಸಿಟಿಯ ಹಳೆಯ ಆವೃತ್ತಿಗಳು ತಾವಾಗಿಯೇ ಆರಿಸಿಕೊಂಡಿರುತ್ತಿದ್ದುದು 128. ಜಾಗ ಉಳಿಸಲು ಇನ್ನೂ ಇಳಿಸಿದವರು ಬೇಕಾದಷ್ಟು ಜನ. ದೊಡ್ಡ ವೇವ್ ಫೈಲನ್ನು ಅಳಿಸಿದರು, ಕ್ಯಾಸೆಟ್ಟನ್ನು ಎಸೆದರು. 2001ರಿಂದಲೇ ಫ್ಲ್ಯಾಕ್ ಎಂಬ, ಏನನ್ನೂ ಕಳೆಯದೆ ಗಾತ್ರವನ್ನು ಸುಮಾರು ಅರ್ಧಕ್ಕೆ ಇಳಿಸುವ, ಪೇಟೆಂಟಿನ ಗೊಡವೆಯೇ ಇಲ್ಲದ ಬಿಟ್ಟಿ ವಿಧಾನ ಇತ್ತು. ಆದರೆ ಅದನ್ನು ಕಾರಿನ ಸ್ಟೀರಿಯೊ ನುಡಿಸುತ್ತಿರಲಿಲ್ಲ, ಊರಲ್ಲಿರುವ ಅಣ್ಣನ ಮೊಬೈಲೂ ನುಡಿಸುತ್ತಿರಲಿಲ್ಲ. ಹಂಚಲು ಮಾಡಿದ ಪ್ರತಿಯೇ ಉಳಿಸುವ ಪ್ರತಿಯೂ ಆಗಿಹೋಯಿತು.

ಕಳೆದದ್ದು ಏನು ಎಂದು ಕಿವಿಯಿಂದಲೇ ತಿಳಿಯಬಹುದು. ಎಂಪಿ3 ಧ್ವನಿಯನ್ನು 1,152 ಅಂಕಿಗಳ ತುಂಡುಗಳಾಗಿ ಕತ್ತರಿಸುತ್ತದೆ, ಅಂದರೆ ಕ್ಷಣದ ನಲವತ್ತನೇ ಒಂದು ಭಾಗದಷ್ಟು. ತುಂಡಿನ ಕೊನೆಯಲ್ಲಿ ತಾಳದ ಏಟು ಬಿದ್ದರೆ ಅದರ ಗೊರಗೊರ ತುಂಡಿನ ಉದ್ದಕ್ಕೂ ಹರಡಿ, ಏಟಿಗಿಂತ ಮುಂಚೆಯೇ ಒಂದು ಉಸಿರಿನಂಥ ಸದ್ದು ಕೇಳುತ್ತದೆ. ಇಂಥ ಕಡೆ ತುಂಡನ್ನು ಚಿಕ್ಕದು ಮಾಡಿಕೊಳ್ಳುವ ಜಾಣತನ ಲೇಮ್‌ಗೆ ಇದೆ. ಆದರೆ ಬಿಟ್ಟುಗಳೇ ಇಲ್ಲದಿದ್ದರೆ ಜಾಣತನ ಏನು ಮಾಡೀತು? ಚಂಡೆ, ಘಟ, ಭಜನೆಯ ತಾಳ ಇರುವ ಕಡಿಮೆ ದರದ ಫೈಲುಗಳಲ್ಲಿ ಏಟಿನ ಅಂಚು ಮೊಂಡಾಗಿರುತ್ತದೆ, ತಂಬೂರಿಯ ಮೇಲಿನ ಝೇಂಕಾರ ನೀರಿನಲ್ಲಿ ಮುಳುಗಿದಂತಿರುತ್ತದೆ. ಟೇಪಿನ ಸುಯ್ಯೆನ್ನುವ ಸದ್ದು ಎನ್‌ಕೋಡರಿಗೆ ದೊಡ್ಡ ತಲೆನೋವು. ಅದಕ್ಕೆ ಲಯವಿಲ್ಲ, ಊಹಿಸಲು ಬರುವುದಿಲ್ಲ, ಹಾಡಿಗೆ ಸಿಗಬೇಕಾದ ಬಿಟ್ಟುಗಳನ್ನು ಅದು ತಿಂದುಹಾಕುತ್ತದೆ. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಇಳಿಸಿದಾಗ ಸವೆಯುವುದನ್ನು ಕಂಡಿದ್ದ ತಲೆಮಾರಿಗೆ ಕಂಪ್ಯೂಟರಿನ ಪ್ರತಿ ಸವೆಯುವುದಿಲ್ಲ ಎಂದರೆ ಪರಮ ನೆಮ್ಮದಿ. ನಕಲು ಮಾಡಿದರೆ ಸವೆಯುವುದಿಲ್ಲ, ನಿಜ. ಆದರೆ ಎಂಪಿ3ಯನ್ನು ತೆರೆದು, ಅಲ್ಲಿಷ್ಟು ಕತ್ತರಿಸಿ, ಮತ್ತೆ ಎಂಪಿ3 ಮಾಡಿದರೆ ಸವೆಯುತ್ತದೆ, ಪ್ರತಿ ಸಲವೂ.

ಈಗ ಕ್ಯಾಸೆಟ್ ತಂದುಕೊಡುವವರಿಗೆ ನಾನು ಎರಡು ಫೈಲು ಕೊಡುತ್ತೇನೆ. ದೊಡ್ಡದು ಫ್ಲ್ಯಾಕ್, ಮುಟ್ಟದೆ ಇಡಲು. ಚಿಕ್ಕದು ಲೇಮ್ ಮಾಡಿದ ಎಂಪಿ3, ಕೇಳಲು, ಕಳಿಸಲು. ಒಂದೇ ಮೈಕಿನಲ್ಲಿ ಹಿಡಿದ ಮಾತು, ಗಮಕವಾದರೆ ಎಂಪಿ3ಯನ್ನು ಮೋನೋ ಮಾಡುತ್ತೇನೆ. ಒಂದೇ ದನಿಯನ್ನು ಎಡಕ್ಕೂ ಬಲಕ್ಕೂ ಎರಡು ಸಲ ಬರೆಯುವುದರಲ್ಲಿ ಅರ್ಥವಿಲ್ಲ. ಸದ್ದು ತಗ್ಗಿಸುವ ಕೆಲಸವೆಲ್ಲ ಚಿಕ್ಕದರ ಮೇಲೆ ಮಾತ್ರ. ದೊಡ್ಡದರಲ್ಲಿ ಕೂಲರಿನ ಸದ್ದು, ಹಿಂದೆ ಯಾರೋ "ಬಾಗಿಲು ಹಾಕೋ" ಎಂದದ್ದು, ಎಲ್ಲವೂ ಇದ್ದ ಹಾಗೇ ಇರುತ್ತದೆ.

ಸುತ್ತಲ ಹಳೆಯ ಸರ್ಕಾರಿ ಬಡಾವಣೆಗಳು, ಸರೋಜಿನಿ ನಗರ, ನೇತಾಜಿ ನಗರ, ಒಂದೊಂದಾಗಿ ಕೆಡವಿ ಕಟ್ಟಿಸಿಕೊಳ್ಳುತ್ತಿರುವಾಗ ಇನ್ನೂ ಕೆಲವು ಡಬ್ಬಗಳು ಅಟ್ಟದಿಂದ ಇಳಿಯುತ್ತಿವೆ. ಲೇಮ್ ಎಲ್ಲಿದೆ ಎಂದು ಈಗ ಯಾರೂ ಕೇಳುವುದಿಲ್ಲ. ನಾನೇ ಚಾಂದನಿ ಚೌಕದ ಲಜಪತ್ ರಾಯ್ ಮಾರ್ಕೆಟ್ಟಿನಲ್ಲಿ ಅಂಗಡಿಯಿಂದ ಅಂಗಡಿಗೆ ಕೇಳಿಕೊಂಡು ಹೋಗುತ್ತಿರುತ್ತೇನೆ: ಕ್ಯಾಸೆಟ್ ಡೆಕ್ಕಿಗೆ ಹಾಕುವ ರಬ್ಬರ್ ಬೆಲ್ಟು ಇದೆಯಾ ಎಂದು.